ಹೆಸರು ಸವೆದ ರೋಮನ್ ಕಾಸು ಯಾರದು?

ಹಸಿರುಗಟ್ಟಿದ ಪುಟ್ಟ ಕಂಚಿನ ಬಿಲ್ಲೆಯ ಫೋಟೊ, ಜೊತೆಗೆ ಅದೇ ಪ್ರಶ್ನೆ: "ರೋಮನ್ ನಾಣ್ಯವಂತೆ, ಹೆಸರು ಓದಲಾಗುತ್ತಿಲ್ಲ. ಯಾವ ರಾಜನದು?" ಕಳಿಸುವುದು ಮಾತ್ರ ಬರೀ ತಲೆಯ ಬದಿ. ತಿರುಗಿಸಿ ನೋಡಿ. ನಾಲ್ಕನೇ ಶತಮಾನದ ಕಾಸುಗಳಲ್ಲಿ ಅಪ್ಪ-ಮಕ್ಕಳ ಮುಖ ಹೆಚ್ಚುಕಡಿಮೆ ಒಂದೇ. ಕಾಲ ಹೇಳುವುದು ಬೆನ್ನಿನ ಚಿತ್ರ.

ಹೆಚ್ಚಾಗಿ ಸಿಗುವುದು ಎದುರುಬದುರು ನಿಂತ ಇಬ್ಬರು ಸೈನಿಕರು. ನಡುವಿನ ಧ್ವಜದಂಡ ಎಣಿಸಿ. ಎರಡಿದ್ದರೆ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದ್ದು, 330ರಿಂದ 335ರ ನಡುವಿನದು, ತೂಕ ಸುಮಾರು 2.5 ಗ್ರಾಂ. ಆಮೇಲೆ ದಂಡ ಒಂದಾಯಿತು, ತೂಕವೂ ಒಂದೂವರೆ ಗ್ರಾಂ ಆಸುಪಾಸಿಗೆ ಇಳಿಯಿತು. ಇಲ್ಲಿ ಎಡವುವವರು ಬಹಳ: ಸೈನಿಕರ ಈಟಿಯನ್ನೂ ಧ್ವಜವೆಂದು ಎಣಿಸಿಬಿಡುತ್ತಾರೆ. ಈಟಿ ಇರುವುದು ಹೊರಗಡೆಯ ಕೈಯಲ್ಲಿ. ಒಳಗಡೆಯ ಕೈ ನೆಲಕ್ಕೂರಿದ ಗುರಾಣಿಯ ಮೇಲೆ. ಒಂದು ದಂಡದ ಚಿತ್ರ 337ರಲ್ಲಿ ಕಾನ್‌ಸ್ಟಂಟೈನ್ ಸತ್ತ ಮೇಲೂ ಮಕ್ಕಳ ಹೆಸರಲ್ಲಿ ಮುಂದುವರಿಯಿತು. ಆದ್ದರಿಂದ ಈಗ ತಲೆಯ ಬದಿಗೆ ಬನ್ನಿ. ಬರಹ ಎಡಗಡೆ ಕೆಳಗಿಂದ ಹೊರಟು ಸುತ್ತಿ ಬಂದು ಬಲಗಡೆ ಮುಗಿಯುತ್ತದೆ. ಕೊನೆಯಲ್ಲಿ ಎ-ವಿ-ಜಿ ಇದ್ದರೆ ಚಕ್ರವರ್ತಿ, ಎನ್-ಒ-ಬಿ-ಸಿ ಇದ್ದರೆ ಇನ್ನೂ ಯುವರಾಜ.

ಹೆಲ್ಮೆಟ್ ತೊಟ್ಟ ತಲೆ, ಬೆನ್ನಿನ ಬದಿಯಲ್ಲಿ ಅವಳಿ ಮಕ್ಕಳಿಗೆ ಹಾಲೂಡುವ ತೋಳ, ಮೇಲೆ ಎರಡು ನಕ್ಷತ್ರ ಇದ್ದರೆ ರಾಜನ ಹೆಸರು ಹುಡುಕಬೇಡಿ. ಅದರಲ್ಲಿ ರಾಜನೇ ಇಲ್ಲ! ತಲೆ ರೋಮಾ ದೇವತೆಯದು, ಬರಹ 'ಉರ್ಬ್ಸ್ ರೋಮಾ', ಅಂದರೆ ರೋಮ್ ನಗರ.

ಕುದುರೆಯಿಂದ ಉರುಳುತ್ತಿರುವವನನ್ನು ಸೈನಿಕ ಈಟಿಯಿಂದ ತಿವಿಯುತ್ತಿದ್ದರೆ 348ರ ನಂತರದ್ದು. ಸುತ್ತ ಬರೆದಿರುವುದು 'ಒಳ್ಳೆಯ ದಿನಗಳು ಮರಳಿದವು' ಎಂಬರ್ಥದ ಲ್ಯಾಟಿನ್, ತಿವಿಸಿಕೊಂಡವನನ್ನು ಕೇಳಿದವರಿಲ್ಲ. ಇದಕ್ಕೆ ಆ ಕಾಲದಲ್ಲೇ ವಿಪರೀತ ನಕಲು ಹುಟ್ಟಿದವು. ಬಿಲ್ಲೆ ತೀರಾ ಪುಟ್ಟದಾಗಿ, ಅಕ್ಷರದ ಜಾಗದಲ್ಲಿ ಬರೀ ಗೀಟುಗಳಿದ್ದರೆ ಟಂಕಸಾಲೆಯದ್ದಲ್ಲ ಎಂದೇ ಅನುಮಾನಿಸಿ.

ಟಂಕಸಾಲೆಯ ಗುರುತು ಚಿತ್ರದ ಕಾಲಡಿಯ ಗೆರೆಯ ಕೆಳಗೆ. ಎಸ್-ಎಂ-ಎ-ಎನ್ ಇದ್ದರೆ ಈಗಿನ ಟರ್ಕಿಯಲ್ಲಿರುವ ಆಂಟಿಯೋಕ್, ಟಿ-ಆರ್ ಇದ್ದರೆ ಈಗಿನ ಜರ್ಮನಿಯ ಟ್ರಿಯರ್. ಬಿಲ್ಲೆ ಅಚ್ಚಿಗಿಂತ ಚಿಕ್ಕದಾಗಿದ್ದರೆ, ಇಲ್ಲವೇ ಏಟು ಓರೆಯಾಗಿ ಬಿದ್ದಿದ್ದರೆ, ಮೊದಲು ಕಾಣೆಯಾಗುವುದು ಈ ಅಕ್ಷರಗಳೇ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಬಿಲ್ಲೆಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಹಾಯಿಸಿ, ನಿಧಾನ ತಿರುಗಿಸುತ್ತಾ ಹೋಗಿ. ನೇರ ಬೆಳಕಲ್ಲಿ ಕಾಣದ ಅಕ್ಷರದ ನೆರಳು ಆಗ ಏಳುತ್ತದೆ.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಸವೆದ ಕಾಸಿನಲ್ಲಿ ಎಷ್ಟೋ ಸಲ ಅಕ್ಷರ ಉಳಿದಿರುವುದು ಆ ಗಟ್ಟಿ ಕಿಲುಬಿನ ಪದರದಲ್ಲೇ. ಹುಳಿ ಅದನ್ನು ಕರಗಿಸಿದರೆ ಕೈಗುಳಿಯುವುದು ಗುಳಿಬಿದ್ದ ಕೆಂಪು ಲೋಹ. ಬೆರಳಿಗೆ ಪುಡಿಪುಡಿಯಾಗಿ ಅಂಟುವ ತಿಳಿಹಸಿರು ಮಾತ್ರ ಬೇರೆ: ಲೋಹದೊಳಗಿನ ಕ್ಲೋರೈಡು ತೇವಕ್ಕೆ ಎದ್ದು ಕಾಸನ್ನು ತಿನ್ನುತ್ತಿದೆ. ಅಂಥದ್ದನ್ನು ಮಿಕ್ಕವುಗಳಿಂದ ಬೇರೆ ಮಾಡಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಳದ ಡಬ್ಬಿಯಲ್ಲಿಡಿ.