ಲೈಬ್ರರಿಯಲ್ಲಿ ಮಾರಿಯೋ ಕಾರ್ಟ್

ಇವತ್ತು ಮಗನನ್ನು ಮಿಶಿಗನ್‌ನ ನಮ್ಮೂರ ಲೈಬ್ರರಿಗೆ ಕರೆದುಕೊಂಡು ಹೋಗಿದ್ದೆ. ಒಳಗೆ ಮಾರಿಯೋ ಕಾರ್ಟ್ ಅನ್ನೋ ರೇಸಿಂಗ್ ವಿಡಿಯೋ ಗೇಮಿನ ಟೂರ್ನಮೆಂಟ್! ಮಕ್ಕಳ ಕೂಗಾಟ ಕೇಳಿ, ಪೇಪರ್ ಮಗುಚಿದ ಸದ್ದಿಗೂ ಕಣ್ಣು ಬಿಡುತ್ತಿದ್ದ ಹುಟ್ಟೂರಿನ ಲೈಬ್ರರಿಯವರು ನೆನಪಾದರು. ಇದೇನು ಹೊಸದಲ್ಲ, ಪಕ್ಕದ ಆನ್ ಆರ್ಬರ್ ಲೈಬ್ರರಿಯಲ್ಲಿ 2004ರಲ್ಲೇ ಶುರುವಾಗಿತ್ತು, 2008ರ ನವೆಂಬರಿನಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಲೈಬ್ರರಿಯಲ್ಲಿ ಗೇಮ್ ಆಡೋದಕ್ಕೇ ಅಂತ ಒಂದು ದಿನವನ್ನೂ ಇಟ್ಟಿತು. ಮನೆಯಲ್ಲಿ ಆಡೋದು ಸಾಲದಾ ಅಂತ ನನಗೆ ಮೊದಲು ಸಿಟ್ಟೇ ಬಂತು. ಆದರೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೂರುವವನು ಇಲ್ಲಿ ಗುರುತೇ ಇಲ್ಲದ ಪುಟ್ಟ ಹುಡುಗನ ಕೈಗೆ ಕಂಟ್ರೋಲರ್ ಕೊಟ್ಟು, ತಿರುವಿನಲ್ಲಿ ಯಾವ ಬಟನ್ ಒತ್ತಬೇಕು ಅಂತ ಹೇಳಿಕೊಡುತ್ತಿದ್ದ. ಸುಮ್ನೆ ನೋಡುತ್ತಾ ನಿಂತೆ. ಮಗ ಎರಡನೇ ಸುತ್ತಿಗೇ ಔಟ್ ಆದ. ಪುಸ್ತಕ ಒಂದೂ ತರಲಿಲ್ಲ, ಮುಂದಿನ ತಿಂಗಳು ಮತ್ತೆ ಹೋಗಬೇಕಂತೆ.