ಮೊದಲ ಮಳೆಗೇ ಮ್ಯಾನ್‌ಹೋಲ್ ಉಕ್ಕುವ ಬೀದಿಯವರಿಗೆ

ಮೈಸೂರಿಗೆ ಜೋರು ಮಳೆ ವರ್ಷಕ್ಕೆ ಎರಡು ಸಲ. ಮೇ ತಿಂಗಳಲ್ಲಿ ಒಮ್ಮೆ, ದಸರೆಯ ಆಸುಪಾಸಿನಲ್ಲಿ ಇನ್ನೊಮ್ಮೆ. ಎರಡು ಸಲವೂ ಬಡಾವಣೆಯ ವಾಟ್ಸಾಪ್ ಗುಂಪಿಗೆ ಅದೇ ಫೋಟೋ ಬರುತ್ತದೆ: ಮುಚ್ಚಳದ ಸುತ್ತ ಗುಳುಗುಳು ಉಕ್ಕುವ ಕಪ್ಪು ನೀರು. ಅದರ ಕೆಳಗೆ ‘ಪಾಲಿಕೆಯವರು ಏನ್ ಮಾಡ್ತಾ ಇದಾರೆ?’ ಎಂಬ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಬೇಸಿಗೆಯಲ್ಲಿ ಸುಮ್ಮನಿದ್ದ ಮ್ಯಾನ್‌ಹೋಲ್ ಮಳೆ ಬಿದ್ದ ಅರ್ಧ ಗಂಟೆಗೇ ಉಕ್ಕಿದರೆ, ಮೊದಲು ನೋಡಬೇಕಾದದ್ದು ನಮ್ಮ ನಮ್ಮ ತಾರಸಿಯ ಪೈಪು ಎಲ್ಲಿ ಹೋಗಿ ಸೇರಿದೆ ಎಂದು.

ಲೆಕ್ಕ ಹಾಕಿ. ಸೈಟು 30x40, ಅಂಚಿನಿಂದ ಅಂಚಿಗೆ ಮನೆ. ತಾರಸಿ 1,200 ಚದರಡಿ, ಅಂದರೆ ಸುಮಾರು 111 ಚದರ ಮೀಟರ್. ಗಂಟೆಗೆ 20 ಮಿಲಿಮೀಟರ್ ಮಳೆ ಸುರಿದರೆ ಅಲ್ಲಿಂದ ಇಳಿಯುವ ನೀರು ಹೆಚ್ಚುಕಡಿಮೆ 2,000 ಲೀಟರ್. ಅದೇ ಮನೆಯ ನಾಲ್ಕು ಜನ ತಲೆಗೆ 135 ಲೀಟರ್‌ನಂತೆ ಬಳಸಿ, ಅದರಲ್ಲಿ ಶೇ. 80 ಭಾಗ ಒಳಚರಂಡಿಗೆ ಹೋದರೂ ದಿನಕ್ಕೆ ಸುಮಾರು 430 ಲೀಟರ್ ಅಷ್ಟೇ. ನಾಲ್ಕೂವರೆ ದಿನದ ಕೊಳಚೆಯಷ್ಟು ನೀರು ಒಂದೇ ಗಂಟೆಯಲ್ಲಿ ನುಗ್ಗಿದಂತಾಯಿತು. ಐವತ್ತು ಮನೆಯ ಬೀದಿಯಲ್ಲಿ ಎಲ್ಲರೂ ಹೀಗೇ ಮಾಡಿದ್ದರೆ ಗಂಟೆಗೆ ಒಂದು ಲಕ್ಷ ಲೀಟರ್, ಸೆಕೆಂಡಿಗೆ 27-28 ಲೀಟರ್. ಬೀದಿಯ ಆರಿಂಚಿನ ಪೈಪು ನೂರು ಅಡಿಗೆ ಒಂದಡಿ ಇಳಿಜಾರಿದ್ದು, ಒಳಗೆ ಚೊಕ್ಕಟವಾಗಿದ್ದರೂ ಸಾಗಿಸಬಲ್ಲದ್ದು ಸೆಕೆಂಡಿಗೆ ಸುಮಾರು 15 ಲೀಟರ್ ಮಾತ್ರ. ಹೂಳು ತುಂಬಿದ ಹಳೆಯ ಪೈಪು ಅದರ ಅರ್ಧವನ್ನೂ ಸಾಗಿಸುವುದಿಲ್ಲ. ಇಲ್ಲಿ ನೀರನ್ನು ರಭಸದಿಂದ ಚಿಮ್ಮಿಸಿ ಪೈಪು ತೊಳೆಯುವ ಯಾವ ಜೆಟ್ಟಿಂಗ್ ಮಷೀನ್ ತಂದರೂ ಮುಂದಿನ ಮಳೆಗೆ ಮತ್ತದೇ ಕಥೆ.

ತಾರಸಿ ನೀರನ್ನು ಯುಜಿಡಿಗೆ, ಅಂದರೆ ಒಳಚರಂಡಿಗೆ, ಬಿಟ್ಟವರು ಬೇಕೆಂದೇ ಬಿಟ್ಟಿರುವುದಿಲ್ಲ. ಮನೆ ಕಟ್ಟಿದ ಮೇಸ್ತ್ರಿಗೆ ಹತ್ತಿರ ಕಂಡದ್ದು ಬಚ್ಚಲಿನ ಚೇಂಬರ್, ಅದಕ್ಕೆ ಪೈಪು ಕೊಟ್ಟಿರುತ್ತಾನೆ. ಮನೆ ಯಜಮಾನರಿಗೆ ಅದು ಗೊತ್ತೂ ಇರುವುದಿಲ್ಲ. ಪತ್ತೆ ಹಚ್ಚುವುದು ಸುಲಭ: ತಾರಸಿಯ ಪೈಪಿನ ಬಾಯಿಗೆ ಎರಡು ಚಮಚ ಅರಿಶಿನ ಕದಡಿದ ಎರಡು ಬಕೆಟ್ ನೀರು ಸುರಿದು, ಕಾಂಪೌಂಡಿನೊಳಗಿನ ಚೇಂಬರ್ ಮುಚ್ಚಳ ತೆಗೆದು ಎರಡು ನಿಮಿಷ ಕಾಯಿರಿ. ಹಳದಿ ಬಂದರೆ ಉತ್ತರ ಸಿಕ್ಕಿತು. ಮಹಡಿಗೆ ಎರಡು ಮೂರು ಇಳಿಪೈಪುಗಳಿದ್ದರೆ ಒಂದೊಂದಕ್ಕೂ ಬೇರೆ ಬೇರೆಯಾಗಿ ಸುರಿಯಬೇಕು. ಮುಂದಿನದು ಮೋರಿಗೂ ಹಿಂದಿನದು ಚೇಂಬರಿಗೂ ಹೋಗಿರುವುದು ಸಾಮಾನ್ಯ.

ಸರಿಪಡಿಸಲು ಬೇಕಾಗುವುದು ನಾಲ್ಕಿಂಚಿನ ಪಿವಿಸಿ ಪೈಪು, ಒಂದೆರಡು ಬೆಂಡು, ಪ್ಲಂಬರನ ಅರ್ಧ ದಿನ. ನೀರನ್ನು ಸಂಪಿಗೆ ತಿರುಗಿಸುವುದು ಎಲ್ಲಕ್ಕಿಂತ ಲೇಸು. ಆದರೆ ವರ್ಷದ ಮೊದಲೆರಡು ಮಳೆಯ ನೀರನ್ನು ಹೊರಗೆ ಬಿಡಲು ಒಂದು ವಾಲ್ವ್ ಇರಲೇಬೇಕು. ಇಲ್ಲದಿದ್ದರೆ ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲವೂ ಸಂಪಿಗೇ. ಸಂಪು ಬೇಡವೆಂದರೆ ಮನೆಮುಂದಿನ ಮೋರಿಗೆ ಬಿಡಿ. ಚೇಂಬರಿನ ಕಡೆ ಉಳಿದ ತೂತನ್ನು ಎಂಡ್ ಕ್ಯಾಪ್ ಹಾಕಿ ಮುಚ್ಚುವುದನ್ನು ಮರೆಯಬಾರದು, ಜಿರಳೆಗೆ ಅದೇ ಹೆದ್ದಾರಿ. ಹಿತ್ತಲಿನ ಗಲ್ಲಿ ಟ್ರ್ಯಾಪ್ (ಬಚ್ಚಲ ನೀರು ಇಳಿಯುವ ಜಾಲರಿ ಗುಂಡಿ) ನೆಲಮಟ್ಟಕ್ಕಿದ್ದರೆ ಅಂಗಳದ ಮಳೆನೀರೆಲ್ಲ ಅದರೊಳಗೇ ಇಳಿಯುತ್ತದೆ. ಅದರ ಕಟ್ಟೆಯನ್ನು ನಾಲ್ಕಿಂಚು ಎತ್ತರಿಸಿದರೆ ಸಾಕು.

ಬೀದಿಯ ನಿವಾಸಿಗಳ ಸಂಘ ಬೇಕಾಗುವುದು ಇಲ್ಲಿಯೇ. ಪಾಲಿಕೆಯ ಇಂಜಿನಿಯರ್ ಪ್ರತಿ ಮನೆಯ ಗೇಟು ತಟ್ಟಿ ತಾರಸಿ ಹತ್ತಲಾರರು. ‘ಅಣ್ಣಾ, ಭಾನುವಾರ ಬೆಳಿಗ್ಗೆ ಒಂದ್ಸಲ ನೋಡ್ಬಿಡೋಣ, ನಮ್ಮನೆದೂ ನೋಡಿದ್ವಿ’ ಎಂದು ಎದುರುಮನೆಯವರು ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಆರಂಭ ಮಾತ್ರ ಅಧ್ಯಕ್ಷರ ಮನೆಯಿಂದಲೇ ಆಗಲಿ. ಬೀದಿಯ ಮೇಲ್ತುದಿಯವರಿಗೆ ಇದರಿಂದ ನೇರ ಲಾಭವಿಲ್ಲ, ಉಕ್ಕುವುದು ತಗ್ಗಿನ ಕೊನೆಯ ಮೂರು ನಾಲ್ಕು ಮನೆಗಳಲ್ಲಿ. ಹಾಗಾಗಿ ಪ್ಲಂಬರನ ಕೂಲಿಯನ್ನು ಸಂಘ ಭರಿಸಿ, ಸಾಮಾನು ಮನೆಯವರು ತರುವ ಏರ್ಪಾಡು ಮಾಡಿಕೊಂಡರೆ ಕೆಲಸ ಸಾಗುತ್ತದೆ. ಆ ತಗ್ಗಿನ ಮನೆಗಳವರು ಚೇಂಬರಿನಲ್ಲಿ ಹಿಮ್ಮುಖ ತಡೆಯುವ ಫ್ಲ್ಯಾಪ್ ವಾಲ್ವ್ ಹಾಕಿಸಬಹುದು. ಅದರ ಮಿತಿ ಮೊದಲೇ ತಿಳಿದಿರಲಿ: ಫ್ಲ್ಯಾಪಿಗೆ ಕೂದಲು ಸಿಕ್ಕಿದರೆ ಅದು ಮುಚ್ಚುವುದೇ ಇಲ್ಲ, ಸರಿಯಾಗಿ ಮುಚ್ಚಿದ ಹೊತ್ತಿನಲ್ಲಿ ನಿಮ್ಮ ಬಚ್ಚಲ ನೀರೂ ಹೊರಗೆ ಹೋಗುವುದಿಲ್ಲ.

ಮಳೆಯಿಲ್ಲದ ದಿನವೂ ಉಕ್ಕಿದರೆ ವಿಷಯ ಬೇರೆ. ಅಲ್ಲಿ ಪೈಪು ಕಟ್ಟಿದೆ. ಎಲ್ಲಿ ಕಟ್ಟಿದೆ ಎಂದು ಹೇಳಿ ದೂರು ಕೊಟ್ಟರೆ ಗಾಡಿ ಬಂದ ದಿನವೇ ಕೆಲಸ ಮುಗಿಯುತ್ತದೆ. ಮನೆಯ ಚೇಂಬರ್ ತುಂಬಿ, ಬೀದಿಯ ಮ್ಯಾನ್‌ಹೋಲಿನಲ್ಲಿ ನೀರು ಕೆಳಗಿದ್ದರೆ ತೊಂದರೆ ಮನೆಯ ಸಂಪರ್ಕದ ಪೈಪಿನದು. ಬೀದಿಯ ಮ್ಯಾನ್‌ಹೋಲುಗಳೇ ತುಂಬಿದ್ದರೆ ಇಳಿಜಾರಿನ ಕಡೆ ಒಂದೊಂದಾಗಿ ನೋಡುತ್ತ ಹೋಗಬೇಕು: ಕೊನೆಯ ತುಂಬಿದ ಮ್ಯಾನ್‌ಹೋಲಿಗೂ ಅದರ ಮುಂದಿನ ಖಾಲಿ ಮ್ಯಾನ್‌ಹೋಲಿಗೂ ನಡುವೆ ಕಟ್ಟಿದೆ. ಉಕ್ಕುತ್ತಿರುವ ಮ್ಯಾನ್‌ಹೋಲನ್ನೇ ಬಗೆದು ಹೋದರೆ ನೀರು ಒಂದು ದಿನ ಇಳಿದಂತೆ ಕಂಡು ಮರುದಿನ ಮೇಲೇರುತ್ತದೆ. ಬೀದಿಯ ಮುಚ್ಚಳ ತೆಗೆಯುವುದು ಯುಜಿಡಿ ಸಿಬ್ಬಂದಿಯ ಕೆಲಸ. ನಿವಾಸಿಗಳು ಪಕ್ಕದಲ್ಲಿ ನಿಂತು ನಕ್ಷೆಯಲ್ಲಿ ಗುರುತು ಹಾಕಿಕೊಂಡರೆ ಸಾಕು.

ಈ ನಕ್ಷೆ ಎಂದರೆ ಎ-3 ಹಾಳೆಯಲ್ಲಿ ಕೈಯಲ್ಲೇ ಬರೆದ ಬೀದಿಯ ಚಿತ್ರ. ಮನೆ ನಂಬರು, ಮ್ಯಾನ್‌ಹೋಲ್, ವಾಲ್ವ್, ದೀಪದ ಕಂಬದ ನಂಬರು, ನೀರು ಹರಿಯುವ ದಿಕ್ಕಿಗೆ ಬಾಣ. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆಯವರಾದರೆ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯನ್ನೂ ಬರೆಯಬೇಕು. 1903ರಲ್ಲಿ ನಗರಾಭಿವೃದ್ಧಿ ಮಂಡಳಿ ಬಂದ ಮೇಲೆ ಯೋಜಿಸಿ ಕಟ್ಟಿದ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಬಿಟ್ಟ ಈ ಗಲ್ಲಿಗಳಿರುವುದೇ ಚೊಕ್ಕಟದ ಕೆಲಸಕ್ಕೆ. ಈಗ ಅಲ್ಲಿ ಹಳೆ ಕಮೋಡು, ಕಟ್ಟಡದ ಮಣ್ಣು, ಯಾರದೋ ಸ್ಕೂಟರು. ಕೆಲವರು ಗೇಟು ಹಾಕಿ ಬೀಗವನ್ನೂ ಜಡಿದಿದ್ದಾರೆ. ಜೆಟ್ಟಿಂಗ್ ಗಾಡಿಯ ಹೋಸ್ ಒಳಗೆ ಹೋಗದಿದ್ದರೆ ಆ ಸಾಲಿನ ಅಷ್ಟೂ ಮನೆಗಳ ಬಚ್ಚಲು ಆ ಬೀಗದ ಒಡೆಯನ ಕೈಯಲ್ಲಿ. ಗಲ್ಲಿ ಪಾಲಿಕೆಯದು, ಬೀಗಕ್ಕೆ ಹಕ್ಕಿಲ್ಲ. ಕಳ್ಳರ ಭಯವೆಂಬ ಅವರ ಮಾತೂ ಸುಳ್ಳಲ್ಲ. ಅದಕ್ಕೆ ಮದ್ದು ಎರಡು ತುದಿಗೆ ಎರಡು ದೀಪ.

ಪೈಪು ಕಟ್ಟುವುದು ಯಾವುದರಿಂದ? ಸ್ಯಾನಿಟರಿ ಪ್ಯಾಡು, ಒರೆಸುವ ವೈಪ್ಸ್, ತೆಂಗಿನ ನಾರು, ಮೆಸ್ಸು-ಪಿಜಿಗಳ ಜಿಡ್ಡು. ಜಿಡ್ಡು ಬಿಸಿ ಇರುವಾಗ ಹರಿದು, ತಣ್ಣಗಾದಾಗ ಪೈಪಿನ ಗೋಡೆಗೆ ಮೆತ್ತುತ್ತದೆ. ಮಿಕ್ಕದ್ದೆಲ್ಲ ಅದಕ್ಕೆ ಅಂಟುತ್ತ ಹೋಗುತ್ತದೆ. ಬೀದಿಯಲ್ಲಿ ಪಿಜಿ ಇದ್ದರೆ ಎರಡು ಗೂಡಿನ ಗ್ರೀಸ್ ಟ್ರ್ಯಾಪ್ ಹಾಕಿಸಿ, ವಾರಕ್ಕೊಮ್ಮೆ ಜಿಡ್ಡು ತೆಗೆಯುವಂತೆ ಕೇಳಿ. ಟ್ರ್ಯಾಪ್ ಹಾಕಿಸಿ ತೆಗೆಯದೆ ಬಿಟ್ಟರೆ ಹಾಕಿಸದೇ ಇದ್ದಂತೆ.

ಒಂದು ಮಾತನ್ನು ಒತ್ತಿ ಹೇಳಬೇಕು. ‘ಐನೂರು ಕೊಟ್ಟರೆ ಒಬ್ಬ ಇಳಿದು ತೆಗೀತಾನೆ’ ಎನ್ನುವವರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಕೂಡದು. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಸುರಕ್ಷಾ ಸಲಕರಣೆಯಿಲ್ಲದೆ ಇದಕ್ಕೆ ಜನರನ್ನು ತೊಡಗಿಸುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಕೂಲಿ ಕೊಟ್ಟು ಇಳಿಸಿದ ಸಂಘದ ಪದಾಧಿಕಾರಿಗಳೂ ಕಾನೂನಿನ ಕಣ್ಣಿಗೆ ಬೀಳುತ್ತಾರೆ.

ಉಕ್ಕಿದ ಕೊಳಚೆ ರಸ್ತೆಯಲ್ಲಿ ನಿಂತರೆ ಮೂಗು ಮುಚ್ಚಿಕೊಂಡರೆ ಸಾಲದು, ಕುಡಿಯುವ ನೀರನ್ನೂ ನೋಡಬೇಕು. ನೀರು ಬಿಡದ ಹೊತ್ತಿನಲ್ಲಿ ಪೈಪು ಖಾಲಿ. ಜಾಯಿಂಟು ಸಡಿಲವಿದ್ದಲ್ಲಿ ಸುತ್ತಲಿನ ಹೊಲಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟಾಗ ಮೊದಲ ಹತ್ತು ನಿಮಿಷ ವಾಸನೆ, ಬಣ್ಣ ನೋಡಿ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಪರೀಕ್ಷೆಯ ಓಟಿ (ಆರ್ಥೋಟಾಲಿಡಿನ್) ದ್ರಾವಣವನ್ನು ಸಂಘ ಒಂದು ಬಾಟಲಿ ಇಟ್ಟುಕೊಂಡರೆ ಸಾಕು. ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಸಂಪಿನ ನೀರಿನಲ್ಲಿ ಪರೀಕ್ಷೆ ಮಾಡಬೇಡಿ, ಕ್ಲೋರಿನ್ ಅಷ್ಟರಲ್ಲಿ ಹಾರಿಹೋಗಿರುತ್ತದೆ. ನೇರ ಬರುವ ನಲ್ಲಿಯಲ್ಲಿ ಹಿಡಿಯಿರಿ. ಬಣ್ಣ ಬಾರದಿದ್ದರೆ ಸಂಪಿನ ವಾಲ್ವ್ ಮುಚ್ಚಿ, ವಾಣಿ ವಿಲಾಸ ನೀರು ಸರಬರಾಜು ಕಚೇರಿಗೆ ಮನೆ ನಂಬರು, ಸಮಯ ಸಮೇತ ತಿಳಿಸಿ.

ರಸ್ತೆಗೆ ಟಾರು ಬೀಳುವ ದಿನ ಸಂಘದವರು ಒಬ್ಬರಾದರೂ ರಜೆ ಹಾಕಿ ನಿಲ್ಲಬೇಕು. ಹಳೆ ಪದರ ಕೆರೆಯದೆ ಮೇಲೆ ಮೇಲೆ ಹಾಕಿದರೆ ಪ್ರತಿ ಸಲವೂ ರಸ್ತೆ ಒಂದರಿಂದ ಒಂದೂವರೆ ಇಂಚು ಏರುತ್ತದೆ. ನಾಲ್ಕನೆಯ ಸಲಕ್ಕೆ ಮಳೆನೀರು ಮೋರಿ ಬಿಟ್ಟು ಗೇಟಿನೊಳಗೆ. ಮ್ಯಾನ್‌ಹೋಲ್ ಮುಚ್ಚಳಗಳು ಟಾರಿನಡಿ ಹೂತು ಹೋಗುವುದೂ ಆ ದಿನವೇ. ನಕ್ಷೆ ಹಿಡಿದು ನಿಂತರೆ ಅಲ್ಲೇ ಎತ್ತರಿಸಿಕೊಳ್ಳಬಹುದು, ಆಮೇಲೆ ಹುಡುಕುವುದು ರಸ್ತೆ ಅಗೆದೇ. ಗ್ಯಾಸ್ ಪೈಪು, ಕೇಬಲ್ಲಿಗೆ ಅಗೆದ ಕಾಲುವೆಯನ್ನು ಒಂದೇ ಸಲ ಮಣ್ಣು ಸುರಿದು ಮುಚ್ಚಿದರೆ ಮೊದಲ ಮಳೆಗೇ ಕುಸಿಯುತ್ತದೆ. ಅರ್ಧ ಅಡಿಗೊಂದು ಪದರ, ನೀರು, ಕುಟ್ಟು. ಹಾಗೆಯೇ ಮನೆಮುಂದಿನ ರ್‍ಯಾಂಪಿಗಾಗಿ ಮೋರಿಯನ್ನು ಉದ್ದಕ್ಕೂ ಕಾಂಕ್ರೀಟಿನಿಂದ ಮುಚ್ಚಿದವರು ಹತ್ತಡಿಗೊಂದು ಎತ್ತಬಹುದಾದ ಚಪ್ಪಡಿ ಬಿಡಲಿ. ಹೂಳು ತೆಗೆಯಲು ದಾರಿಯಿಲ್ಲದ ಮೋರಿಗೆ ತಾರಸಿ ನೀರು ತಿರುಗಿಸಿ ಪ್ರಯೋಜನವಿಲ್ಲ.

ಬೀದಿದೀಪದ ದೂರು ಇದರಷ್ಟು ಕಷ್ಟದ್ದಲ್ಲ. ಒಂದೇ ದೀಪ ಆರಿದ್ದರೆ ದೋಷ ಆ ಫಿಟ್ಟಿಂಗಿನದು, ಸಾಲು ಪೂರ್ತಿ ಆರಿದ್ದರೆ ಫ್ಯೂಸು, ಟೈಮರು ಅಥವಾ ತಂತಿಯದು. ಕಂಬದ ನಂಬರು ಕೊಟ್ಟು ಪಾಲಿಕೆಗೆ ಬರೆಯಿರಿ. ಮನೆಗಳಿಗೂ ಕರೆಂಟಿಲ್ಲವೆಂದರೆ ಮಾತ್ರ ವಿದ್ಯುತ್ ಕಂಪನಿ ಸೆಸ್ಕ್‌ನ ಸಹಾಯವಾಣಿ 1912.

ದೂರಿನ ಪುಸ್ತಕ ಒಂದಿರಲಿ: ತಾರೀಖು, ಜಾಗ, ವಿಷಯ, ಯಾರಿಗೆ ಕೊಟ್ಟದ್ದು, ದೂರಿನ ನಂಬರು, ಮುಗಿದ ದಿನ. ಒಂದು ಪತ್ರದಲ್ಲಿ ಒಂದೇ ವಿಷಯ. ಹತ್ತು ಬೇಡಿಕೆಯ ಮನವಿ ಪತ್ರಕ್ಕೆ ಫೋಟೋ ಚೆನ್ನಾಗಿ ಬರುತ್ತದೆ, ಕೆಲಸ ಆಗುವುದಿಲ್ಲ, ಏಕೆಂದರೆ ಯುಜಿಡಿ, ದೀಪ, ಕಸ ಮೂರೂ ಬೇರೆ ಬೇರೆ ಮೇಜು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಮಾಡಿಲ್ಲ’ ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ಆ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಗುತ್ತಿಗೆದಾರ ದುರಸ್ತಿ ಮಾಡಿಕೊಡಬೇಕಾದ ಅವಧಿ, ಇವುಗಳ ಪ್ರತಿ ಕೇಳಿ. 30 ದಿನದಲ್ಲಿ ಬಾರದಿದ್ದರೆ ಮೊದಲ ಮೇಲ್ಮನವಿ.

ದೂರು ಕೊಡಲು ಸಂಘ ನೋಂದಣಿಯಾಗಿರಬೇಕೆಂದೇನೂ ಇಲ್ಲ. ಬ್ಯಾಂಕ್ ಖಾತೆ, ರಸೀದಿ ಪುಸ್ತಕ ಬೇಕೆಂದಾಗ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ಮಾಡಿಸಿಕೊಳ್ಳಬಹುದು. ನೋಂದಣಿಗಿಂತ ಕಷ್ಟದ್ದು ಆಮೇಲಿನದು: ವರ್ಷಕ್ಕೊಮ್ಮೆ ಸಾಮಾನ್ಯ ಸಭೆ, ಲೆಕ್ಕಪತ್ರ, ಸದಸ್ಯರ ಪಟ್ಟಿ ಸಲ್ಲಿಕೆ. ಎರಡು ಮೂರು ವರ್ಷ ಬಿಟ್ಟರೆ ದಂಡ ಕಟ್ಟುತ್ತ ಕೂರಬೇಕು. ಗಣಪತಿಯ ಚಂದಾ ಮತ್ತು ಚರಂಡಿಯ ಚಂದಾ ಒಂದೇ ಪುಸ್ತಕದಲ್ಲಿ ಬರೆಯಬೇಡಿ. ಜಗಳ ಶುರುವಾಗುವುದು ಅಲ್ಲಿಂದಲೇ. ಅರಿಶಿನದ ಪರೀಕ್ಷೆ ಏಪ್ರಿಲ್ ಮೊದಲ ವಾರಕ್ಕೆ ಮುಗಿದಿರಲಿ, ಹೂಳೆತ್ತುವ ಅರ್ಜಿ ಅದಕ್ಕೂ ಮುಂಚೆ. ಹಿಂಗಾರಿನದ್ದಾದರೆ ಆಗಸ್ಟಿನಲ್ಲೇ ಕೊಡಿ. ದಸರೆ ಹತ್ತಿರ ಬಂದಂತೆ ಗಾಡಿ, ಸಿಬ್ಬಂದಿ ಎಲ್ಲ ಅರಮನೆ ಮತ್ತು ಮೆರವಣಿಗೆಯ ರಸ್ತೆಗಳ ಕಡೆ ತಿರುಗಿರುತ್ತಾರೆ, ಅಡ್ಡರಸ್ತೆಯ ಪಾಳಿ ಬರುವುದು ಜಂಬೂ ಸವಾರಿ ಮುಗಿದ ಮೇಲೆಯೇ.