ಬೆಸ ಸಂಖ್ಯೆಯ ಪೂರ್ವಜರು

ವಂಶಾವಳಿ ಹುಡುಕುವ ಹವ್ಯಾಸ ಹಿಡಿದವರು ಬಹುಬೇಗ ಒಂದು ಸಂಖ್ಯಾಕ್ರಮವನ್ನು ಕಲಿಯುತ್ತಾರೆ. ಹುಡುಕಾಟ ಯಾರಿಂದ ಆರಂಭವಾಗುತ್ತದೆಯೋ ಅವರಿಗೆ 1, ಅವರ ತಂದೆಗೆ 2, ತಾಯಿಗೆ 3; ಮುಂದೆ ಯಾರದೇ ಸಂಖ್ಯೆಯನ್ನು ಇಮ್ಮಡಿಗೊಳಿಸಿದರೆ ಅವರ ತಂದೆಯ ಸಂಖ್ಯೆ, ಅದಕ್ಕೆ ಒಂದು ಕೂಡಿಸಿದರೆ ತಾಯಿಯ ಸಂಖ್ಯೆ. 1590ರಲ್ಲಿ ಮೈಕೆಲ್ ಐಟ್ಸಿಂಗರ್ ಬಳಸಿದ, 1676ರಲ್ಲಿ ಹೆರೊನಿಮೊ ದೆ ಸೋಸಾ ಮುಂದುವರಿಸಿದ, 1898ರಲ್ಲಿ ಸ್ಟೆಫಾನ್ ಕೆಕುಲೆ ಫಾನ್ ಸ್ಟ್ರಾಡೊನಿಟ್ಸ್ ಜನಪ್ರಿಯಗೊಳಿಸಿದ ಈ ಕ್ರಮದಲ್ಲಿ, ಮೊದಲ ವ್ಯಕ್ತಿಯನ್ನು ಬಿಟ್ಟರೆ, ಗಂಡಸರೆಲ್ಲ ಸಮ ಸಂಖ್ಯೆಗಳಲ್ಲೂ ಹೆಂಗಸರೆಲ್ಲ ಬೆಸ ಸಂಖ್ಯೆಗಳಲ್ಲೂ ನಿಲ್ಲುತ್ತಾರೆ. ಪ್ರತಿ ತಲೆಮಾರಿನಲ್ಲೂ ಇಬ್ಬರಿಗೂ ಸಮಪಾಲು ಮನೆಗಳಿವೆ. ಆದರೂ ನಾನು ನೋಡಿದ ವಂಶವೃಕ್ಷಗಳಲ್ಲಿ ಹೆಚ್ಚಿನವು ಗಂಡಸರ ಹೆಸರುಗಳನ್ನು ಹಿಡಿದು ಬಹುದೂರ ಸಾಗುತ್ತವೆ, ಬೆಸ ಸಂಖ್ಯೆಯ ಮನೆಗಳು ಮಾತ್ರ ಮುತ್ತಜ್ಜಿಯ ಹೊತ್ತಿಗೇ ಖಾಲಿ ಬೀಳುತ್ತವೆ. ಆ ಮನೆಗಳನ್ನು ತುಂಬುವುದೇ ಈ ಹವ್ಯಾಸದ ಅತ್ಯಂತ ಕಷ್ಟದ, ಅತ್ಯಂತ ಸಾರ್ಥಕವಾದ ಭಾಗವೆಂದು ನಾನು ನಂಬುತ್ತೇನೆ.

ಅವು ಖಾಲಿಯಾಗಿರುವುದಕ್ಕೆ ಮನೆಯವರ ಮರೆವೊಂದೇ ಕಾರಣವಲ್ಲ. ದಾಖಲೆಗಳನ್ನು ರೂಪಿಸಿದವರೇ ಹೆಂಗಸರನ್ನು ಬರೆಯಲಿಲ್ಲ. ಅಮೆರಿಕದ ಜನಗಣತಿಯಲ್ಲಿ 1790ರಿಂದ 1840ರವರೆಗೆ ಮನೆಯ ಯಜಮಾನನ ಹೆಸರನ್ನಷ್ಟೇ ಬರೆದು ಉಳಿದವರನ್ನು ತಲೆಯೆಣಿಕೆಗೆ ಇಳಿಸಿದ್ದರು. ಸ್ವತಂತ್ರರಾಗಿದ್ದ ಪ್ರತಿಯೊಬ್ಬರ ಹೆಸರೂ ಅದರಲ್ಲಿ ದಾಖಲಾದದ್ದು 1850ರಲ್ಲಿ. ಗುಲಾಮರಾಗಿದ್ದವರ ಹೆಸರುಗಳು ಬಹುಪಾಲು ಆಗಲೂ ಬರಲಿಲ್ಲ. ಮದುವೆಯ ನಂತರ ಮನೆತನದ ಹೆಸರು ಬದಲಾಗುವ ಸಮಾಜಗಳಲ್ಲಂತೂ ಒಬ್ಬಳೇ ಹೆಣ್ಣುಮಗಳು ಎರಡು ಹೆಸರುಗಳಲ್ಲಿ ಹಂಚಿಹೋಗುತ್ತಾಳೆ, ಆ ಎರಡನ್ನೂ ಸೇರಿಸುವ ಕಾಗದ ಸಿಗದಿದ್ದರೆ ಅವಳ ತವರಿನ ಕಡೆಯ ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ.

ಅಂಥ ಕಾಗದ ಸಾಮಾನ್ಯವಾಗಿ ಅವಳ ಹೆಸರಿನಲ್ಲಿ ಇರುವುದಿಲ್ಲ. ಅವಳ ತಂದೆಯ ಉಯಿಲಿನಲ್ಲಿ ‘ಇಂಥವನ ಹೆಂಡತಿಯಾದ ನನ್ನ ಮಗಳು’ ಎಂಬ ಒಂದು ಸಾಲಾಗಿ, ಅಣ್ಣತಮ್ಮಂದಿರ ಆಸ್ತಿ ಹಂಚಿಕೆಯ ಪತ್ರದಲ್ಲಿ ಒಂದು ಒಪ್ಪಿಗೆಯ ರುಜುವಾಗಿ, ಮಗುವಿನ ಜನನ ನೋಂದಣಿಯಲ್ಲಿ ತಾಯಿಯ ವಿವರವಾಗಿ ಅವಳು ಕಾಣಿಸಿಕೊಳ್ಳುತ್ತಾಳೆ. ಹಾಗಾಗಿ ನೇರ ಪೂರ್ವಜರನ್ನಷ್ಟೇ ಬೆನ್ನಟ್ಟದೆ ಅವರ ಒಡಹುಟ್ಟಿದವರನ್ನೂ, ಆ ಒಡಹುಟ್ಟಿದವರ ಮಕ್ಕಳನ್ನೂ ಹುಡುಕಬೇಕಾಗುತ್ತದೆ. ಮುತ್ತಜ್ಜಿಯ ತಾಯಿಯ ಹೆಸರು ಮುತ್ತಜ್ಜಿಯ ದಾಖಲೆಯಲ್ಲಿ ಇಲ್ಲದಿದ್ದರೂ ಅವಳ ತಂಗಿಯ ಮರಣ ನೋಂದಣಿಯಲ್ಲಿ ಸಿಗಬಹುದು.

ಕಾಗದ ಮೌನವಾಗಿರುವ ಕಡೆ ಕೆಲವೊಮ್ಮೆ ದೇಹವೇ ಸಾಕ್ಷಿ ನುಡಿಯುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗವಾದ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆಯಾದರೂ ಅದನ್ನು ಮುಂದಿನ ತಲೆಮಾರಿಗೆ ದಾಟಿಸುವವರು ಹೆಣ್ಣುಮಕ್ಕಳು ಮಾತ್ರ; ನಮ್ಮ ಸಂಖ್ಯಾಕ್ರಮದಲ್ಲಿ ಅದು 3, 7, 15, 31 ಎಂದು ಹಿಂದಕ್ಕೆ ಹೋಗುವ ದಾರಿ. 1485ರಲ್ಲಿ ಯುದ್ಧದಲ್ಲಿ ಮಡಿದ ಇಂಗ್ಲೆಂಡಿನ ಮೂರನೆಯ ರಿಚರ್ಡ್ ದೊರೆಯ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದಲ್ಲಿ ಸಿಕ್ಕಾಗ ಅದರ ಗುರುತನ್ನು ಗಟ್ಟಿಗೊಳಿಸಿದ್ದು ಈ ದಾರಿಯೇ. ಅವನ ಅಕ್ಕ ಆ್ಯನ್‌ಳಿಂದ ಹೆಣ್ಣುಮಕ್ಕಳ ಮೂಲಕವೇ ಇಳಿದುಬಂದ ಇಬ್ಬರು ವಂಶಜರ ಡಿಎನ್‌ಎ ಅವನದಕ್ಕೆ ಹೊಂದಿತು. ಗಂಡುಸಂತತಿಯ ದಾಖಲೆಗಳನ್ನು ನಂಬಿ ಆರಿಸಿದ ಬಂಧುಗಳಲ್ಲಿ, ತಂದೆಯಿಂದ ಗಂಡುಮಕ್ಕಳಿಗಷ್ಟೇ ದಾಟುವ ವೈ ಕ್ರೋಮೋಸೋಮ್ ಮಾತ್ರ ಅವನದಕ್ಕೆ ಹೊಂದಲಿಲ್ಲ: ಆ ಸಾಲಿನ ಎಲ್ಲೋ ಒಂದು ಕಡೆ ದಾಖಲೆಯ ತಂದೆ ಬೇರೆ, ಹೆತ್ತ ತಂದೆ ಬೇರೆ. ರಾಜಮನೆತನವೊಂದು ಅಷ್ಟು ಜತನದಿಂದ ಬರೆದಿಟ್ಟ ಸಾಲೇ ಮುರಿದು, ಯಾರೂ ವಿಶೇಷವಾಗಿ ಲೆಕ್ಕವಿಡದ ತಾಯಂದಿರ ಸಾಲು ಐನೂರಕ್ಕೂ ಹೆಚ್ಚು ವರ್ಷ ಅಖಂಡವಾಗಿ ಉಳಿದದ್ದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಇಂಥ ಪರೀಕ್ಷೆಯಿಂದ ಹೆಸರುಗಳು ಸಿಗುವುದಿಲ್ಲ, ನಿಜ. ಕಾಗದಗಳಿಂದ ಕಟ್ಟಿದ ಸಂಬಂಧ ಸರಿಯೋ ಅಲ್ಲವೋ ಎಂಬುದನ್ನಷ್ಟೇ ಅದು ಹೇಳಬಲ್ಲದು. ಜೀವಂತವಾಗಿರುವ ಬಂಧುಗಳ ಗುಟ್ಟುಗಳನ್ನೂ ಅದು ಹೊರಗೆಡಹಬಹುದಾದ್ದರಿಂದ ಅವರ ಒಪ್ಪಿಗೆಯಿಲ್ಲದೆ ಆ ದಾರಿ ತುಳಿಯಬಾರದು.

ಹೊಸದಾಗಿ ತೊಡಗುವವರು ಮನೆಯ ಹಿರಿಯ ಹೆಂಗಸರಿಂದಲೇ ಆರಂಭಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ‘ನಿಮ್ಮ ಅಜ್ಜಿಯ ಹೆಸರೇನು’ ಎಂದು ಕೇಳಿದರೆ ಎಷ್ಟೋ ವೇಳೆ ‘ಅಜ್ಜಿ ಎಂದೇ ಕರೆಯುತ್ತಿದ್ದೆವು’ ಎಂಬ ಉತ್ತರ ಬರುತ್ತದೆ. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದಾಗ ನೋಡಿಕೊಂಡವರು ಯಾರು, ಅಮ್ಮನ ಕಡೆಯಿಂದ ಯಾರು ಬಂದು ಉಳಿಯುತ್ತಿದ್ದರು, ಅವರನ್ನು ಉಳಿದ ದೊಡ್ಡವರು ಏನೆಂದು ಕರೆಯುತ್ತಿದ್ದರು ಎಂದು ಕೇಳಿ ನೋಡಿ. ಸಿಕ್ಕಿದ ಹೆಸರನ್ನು, ಯಾರು ಯಾವಾಗ ಹೇಳಿದರೆಂಬುದರ ಸಮೇತ, ಅವರು ಉಚ್ಚರಿಸಿದಂತೆಯೇ ಬರೆದಿಟ್ಟುಕೊಳ್ಳಿ. ದಾಖಲೆಯೊಂದು ದೃಢಪಡಿಸುವವರೆಗೆ ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇರಲಿ.